ಮೀಟಿಂಗ್‌ನಲ್ಲಿ ‘ಎಸ್ ಎಸ್’ ಅಂದು ಸಿಕ್ಕಿಹಾಕಿಕೊಳ್ಳಬೇಡಿ: ಇಂಗ್ಲಿಷಿನಲ್ಲಿ ಒಪ್ಪುವುದು, ಒಪ್ಪದಿರುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ಸಂಜೆ ಹೊತ್ತು ನಾನೊಂದು ಸಣ್ಣ ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಭಾನುವಾರ ಹಾಸನದಲ್ಲೂ ಒಂದು ಬ್ಯಾಚ್ ಇದೆ. ಬರುವವರೆಲ್ಲ ಕೆಲಸದಲ್ಲಿ ಇರುವವರೇ. ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್ ಆಫೀಸಿನವರು, ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್‌ಗಳು, ಹೋಮ್‌ಸ್ಟೇ ನೋಡಿಕೊಳ್ಳುವವರು, ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ನೋಡುವ ಹುಡುಗಿಯರು. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದನ್ನೇ. “ಮೇಡಂ, ಇಂಗ್ಲಿಷ್ ಅರ್ಥ ಆಗುತ್ತೆ. ಮೀಟಿಂಗ್‌ನಲ್ಲಿ ‘ಇದು ಆಗಲ್ಲ’ ಅಂತ ಹೇಳೋಕೆ ಮಾತ್ರ ಬಾಯಿ ಬರಲ್ಲ. ಒರಟಾಗಿ ಕೇಳಿಸಿಬಿಡುತ್ತೋ ಅಂತ ಭಯ. ಕೊನೆಗೆ ಸುಮ್ನೆ ತಲೆಯಾಡಿಸಿ ಬಂದುಬಿಡ್ತೀನಿ.”

ಸುಮ್ಮನೆ ತಲೆಯಾಡಿಸಿ ಬಂದರೆ ಏನಾಗುತ್ತದೆ ಗೊತ್ತಲ್ವಾ? ನೀವು ಒಪ್ಪಿದಿರಿ ಎಂದು ಬರೆದುಕೊಳ್ಳುತ್ತಾರೆ. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ನಮ್ಮವರೇ ಹೇಳಿದ್ದಾರೆ. ಆದರೆ ನಮ್ಮೂರಲ್ಲಿ ಒಬ್ಬರು ಸುಮ್ಮನಿದ್ದಾಗ ಅದು ಒಪ್ಪಿಗೆಯೋ, ಬೇಜಾರೋ, ಸಿಟ್ಟೋ ಅಂತ ಮುಖ ನೋಡಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷ್ ಮೀಟಿಂಗ್‌ನಲ್ಲಿ ಮುಖ ಓದುವವರು ಕಡಿಮೆ. ಫೋನಿನಲ್ಲಾದರೆ ಮುಖವೇ ಇಲ್ಲ. ಹಾಗಾಗಿ ಒಪ್ಪಿದರೂ ಒಪ್ಪದಿದ್ದರೂ ಬಾಯಿಬಿಟ್ಟೇ ಹೇಳಬೇಕು. ಅದನ್ನು ಮರ್ಯಾದೆಯಾಗಿ ಹೇಳುವುದು ಹೇಗೆ ಎಂದು ಹಂತ ಹಂತವಾಗಿ ನೋಡೋಣ.

ಇದಕ್ಕೆ ಬೇಕಾಗುವುದು ಒಂದು ಸಣ್ಣ ನೋಟ್‌ಬುಕ್, ರೆಕಾರ್ಡ್ ಮಾಡಲು ನಿಮ್ಮ ಮೊಬೈಲು, ಅಭ್ಯಾಸಕ್ಕೆ ಜೊತೆಗೊಬ್ಬರು. ದಪ್ಪ ಗ್ರಾಮರ್ ಪುಸ್ತಕ ಸದ್ಯಕ್ಕೆ ಬೇಡ. ಹತ್ತು ಹನ್ನೆರಡು ವಾಕ್ಯಗಳು ನಾಲಿಗೆ ಮೇಲೆ ನಿಂತರೆ ಆರು ತಿಂಗಳ ಮೀಟಿಂಗ್ ದಾಟಬಹುದು.

1. ಮೊದಲು ನಿಮ್ಮ ಕನ್ನಡವನ್ನೇ ಗಮನಿಸಿ

ಇಂಗ್ಲಿಷ್ ಪಾಠದಲ್ಲಿ ಕನ್ನಡ ಯಾಕೆ ಅನ್ನಬೇಡಿ. ತೊಡಕು ಶುರುವಾಗುವುದೇ ಇಲ್ಲಿಂದ.

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲಿದೆ. ‘ಬಾ’ ಅಂದರೆ ಒಂದು, ‘ಬನ್ನಿ’ ಅಂದರೆ ಇನ್ನೊಂದು. ‘ನೀನು’, ‘ನೀವು’ ಬೇರೆ ಬೇರೆ. ಇಂಗ್ಲಿಷಿನಲ್ಲಿ ಮಗುವಿಗೂ ‘ಯು’, ಎಂ.ಡಿ.ಗೂ ‘ಯು’. ‘ಕಮ್’ ಎಂಬ ಪದಕ್ಕೆ ‘ಇ’ ಸೇರಿಸಿ ಗೌರವ ಕೊಡಲು ಆಗುವುದಿಲ್ಲ. ಹಾಗಾದರೆ ಅವರ ಮರ್ಯಾದೆ ಎಲ್ಲಿರುತ್ತದೆ? ‘ವುಡ್’, ‘ಕುಡ್’, ‘ಮೈಟ್’, ‘ಐ ಥಿಂಕ್’, ‘ಎ ಬಿಟ್’ ಎಂಬ ಪುಟ್ಟ ಪದಗಳಲ್ಲಿ. ಇವನ್ನು ಸಾಫ್ಟ್‌ನರ್ ಎನ್ನುತ್ತಾರೆ. ಮಾತಿನ ಮೊನಚು ತೆಗೆಯುವ ಪದ ಎಂದಿಟ್ಟುಕೊಳ್ಳಿ. ‘ಸೆಂಡ್ ದ ಫೈಲ್’ ಅಂದರೆ ‘ಫೈಲ್ ಕಳಿಸು’ ಅಂದ ಹಾಗೆ. ‘ಕುಡ್ ಯು ಸೆಂಡ್ ದ ಫೈಲ್?’ ಅಂದಾಗ ಅದು ‘ಕಳಿಸ್ತೀರಾ?’ ಆಗುತ್ತದೆ.

ಮೂರು ಮಾತುಗಳನ್ನು ನಾವು ಕನ್ನಡದಿಂದ ಹಾಗೇ ಎತ್ತಿಕೊಂಡು ಹೋಗಿ ಸಿಕ್ಕಿಬೀಳುತ್ತೇವೆ.

ಒಂದು, ‘ಹೂಂ’. ನಾವು ಮಾತು ಕೇಳುವಾಗ ನಡುನಡುವೆ ‘ಹೂಂ, ಹೂಂ’ ಅನ್ನುತ್ತೇವೆ. ‘ಕೇಳಿಸಿಕೊಳ್ತಾ ಇದೀನಿ, ಮುಂದೆ ಹೇಳಿ’ ಎಂದಷ್ಟೇ ಅದರ ಅರ್ಥ. ಇಂಗ್ಲಿಷಿಗೆ ಬಂದ ಕೂಡಲೇ ಅದು ‘ಎಸ್, ಎಸ್, ಎಸ್’ ಆಗಿಬಿಡುತ್ತದೆ. ಆ ಕಡೆಯವರಿಗೆ ಪ್ರತಿ ‘ಎಸ್’ ಕೂಡ ಒಪ್ಪಿಗೆ.

ಎರಡು, ‘ಅಲ್ಲ’. ‘ಅಲ್ಲಾ ಸಾರ್, ಒಂದು ಮಾತು’ ಎಂದು ಶುರು ಮಾಡುವುದು ನಮ್ಮ ಅಭ್ಯಾಸ. ಅದರಲ್ಲಿ ನಿರಾಕರಣೆ ಏನೂ ಇಲ್ಲ. ಬಾಯಿ ತೆರೆಯಲು ಒಂದು ನೆಪ, ಅಷ್ಟೇ. ಅದನ್ನೇ ‘ನೋ ನೋ ಸಾರ್’ ಎಂದು ಶುರು ಮಾಡಿದರೆ ಕೇಳಿದವರ ಹುಬ್ಬು ಗಂಟಿಕ್ಕುತ್ತದೆ. ಮುಂದೆ ನೀವು ಒಪ್ಪಿಗೆಯ ಮಾತೇ ಆಡಿದರೂ ಮೊದಲ ಏಟು ಬಿದ್ದಾಗಿರುತ್ತದೆ.

ಮೂರು, ‘ನೋಡೋಣ’. ಮದುವೆಗೆ ಕರೆದಾಗ ‘ನೋಡೋಣ’ ಎಂದರೆ ಬರುವುದು ಅನುಮಾನ ಎಂದು ಇಬ್ಬರಿಗೂ ಗೊತ್ತು. ಆದರೆ ‘ವಿ ವಿಲ್ ಟ್ರೈ’ ಎಂದಾಗ ಹೊರಗಿನವರು ‘ಮಾಡ್ತಾರೆ’ ಎಂದೇ ಬರೆದುಕೊಳ್ಳುತ್ತಾರೆ. ಗಡುವು ತಪ್ಪಿದ ದಿನ ‘ನೀವು ಹೇಳಿದ್ದಿರಲ್ಲ’ ಎಂದು ಕೇಳುತ್ತಾರೆ.

ಇವತ್ತು ಒಂದು ದಿನ ನಿಮ್ಮ ಮಾತಿನಲ್ಲಿ ಈ ಮೂರು ಎಷ್ಟು ಸಲ ಬರುತ್ತವೆ ಎಂದು ಎಣಿಸಿ ನೋಡಿ.

2. ‘ಎಸ್’ ಅನ್ನುವುದನ್ನು ಕೂಡಿಡಿ

ಕೇಳಿಸಿಕೊಳ್ಳುತ್ತಿದ್ದೇನೆ ಎಂದು ತೋರಿಸಲು ‘ಓಕೆ’, ‘ಐ ಸೀ’, ‘ರೈಟ್’, ‘ಐ ಆಮ್ ಫಾಲೋಯಿಂಗ್’ ಬಳಸಿ. ‘ಐ ಸೀ’ ಎಂದರೆ ‘ಹೌದಾ, ಗೊತ್ತಾಯ್ತು’. ಅದರಲ್ಲಿ ಒಪ್ಪಿಗೆ ಇಲ್ಲ. ಅದಕ್ಕೇ ನನಗೆ ಅದು ಇಷ್ಟ. ‘ಎಸ್’ ಎಂಬುದನ್ನು ನಿಜವಾಗಿ ಒಪ್ಪಿದಾಗ ಮಾತ್ರ ಹೊರಗೆ ತೆಗೆಯಿರಿ.

ಈ ಪಾಠ ನಾನು ಕಲಿತದ್ದು ದುಡ್ಡು ಕೊಟ್ಟು. ಹಿಂದೆ ಕಾಫಿ ರಫ್ತು ಮಾಡುವ ಒಂದು ಆಫೀಸಿನಲ್ಲಿದ್ದೆ. ಫೋನಿನಲ್ಲಿ ಆ ಕಡೆಯವರು ರೇಟು ಇಳಿಸುವ ಬಗ್ಗೆ ಉದ್ದಕ್ಕೆ ಮಾತಾಡುತ್ತಿದ್ದರು. ನಾನು ‘ಎಸ್, ಎಸ್’ ಎನ್ನುತ್ತಾ ಬರೆದುಕೊಳ್ಳುತ್ತಿದ್ದೆ. ಸಂಜೆ ‘ಒಪ್ಪಿದ್ದಕ್ಕೆ ಥ್ಯಾಂಕ್ಸ್’ ಎಂಬ ಮೇಲ್ ಬಂತು. ಅದನ್ನು ಬಿಡಿಸಿಕೊಳ್ಳಲು ಒಂದು ವಾರ ಹಿಡಿಯಿತು.

ಎದುರೆದುರು ಕೂತಿದ್ದರೆ ತಲೆಯಾಡಿಸುವುದನ್ನೂ ಗಮನಿಸಿ. ನಾವು ತಲೆಯನ್ನು ಅತ್ತಿತ್ತ ತೂಗುವುದು ಹೊರದೇಶದವರಿಗೆ ‘ಹೌದು’ ಎಂದೂ ಕಾಣಬಹುದು, ‘ಇಲ್ಲ’ ಎಂದೂ ಕಾಣಬಹುದು. ಜೊತೆಗೆ ಒಂದು ಮಾತು ಹೇಳಿಬಿಡುವುದು ಕ್ಷೇಮ.

3. ಒಪ್ಪಿಗೆ ಎಷ್ಟು ಎಂದು ಅಳೆದು ಹೇಳಿ

ಒಪ್ಪುವುದು ಸುಲಭ, ಹಾಗಾಗಿ ಇಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಪೂರ್ತಿ ಒಪ್ಪಿದರೆ ‘ಐ ಕಂಪ್ಲೀಟ್ಲಿ ಅಗ್ರೀ’. ಸಾಮಾನ್ಯ ಒಪ್ಪಿಗೆಗೆ ‘ದಟ್ ವರ್ಕ್ಸ್ ಫಾರ್ ಮಿ’, ಅಂದರೆ ‘ನನಗೆ ಸರಿ ಹೋಗುತ್ತೆ’. ಎದುರಿನವರ ಮಾತಿನಲ್ಲಿ ತೂಕವಿದ್ದರೆ ‘ದಟ್ಸ್ ಎ ಗುಡ್ ಪಾಯಿಂಟ್’. ಅಷ್ಟೇನೂ ಮನಸ್ಸಿಲ್ಲ, ಆದರೆ ತಡೆಯುವುದಿಲ್ಲ ಎಂದಿದ್ದರೆ ‘ಐ ಕ್ಯಾನ್ ಲಿವ್ ವಿತ್ ದಟ್’. ನಮ್ಮ ‘ಹೋಗ್ಲಿ ಬಿಡಿ, ನಡೀಲಿ’ ಇದೆಯಲ್ಲ, ಅದು. ಅರ್ಧ ಮಾತ್ರ ಒಪ್ಪಿಗೆ ಇದ್ದರೆ ಯಾವ ಅರ್ಧ ಎಂದು ಹೇಳಿ: ‘ಐ ಅಗ್ರೀ ಆನ್ ದ ಡೇಟ್. ಐ ಆಮ್ ನಾಟ್ ಶೂರ್ ಅಬೌಟ್ ದ ರೇಟ್.’ ತಾರೀಖು ಒಪ್ಪಿದೆ, ರೇಟಿನ ಬಗ್ಗೆ ಅನುಮಾನವಿದೆ.

ಒಪ್ಪಿದ್ದಕ್ಕೆ ಕಾರಣವನ್ನೂ ಅರ್ಧ ವಾಕ್ಯದಲ್ಲಿ ಸೇರಿಸಿದರೆ ನೀವು ಸುಮ್ಮನೆ ಹೂಂಗುಟ್ಟುವವರಲ್ಲ ಎಂದು ಗೊತ್ತಾಗುತ್ತದೆ. ‘ಐ ಅಗ್ರೀ, ಬಿಕಾಸ್ ಪಿಕರ್ಸ್ ಆರ್ ಹಾರ್ಡ್ ಟು ಗೆಟ್ ಇನ್ ಜನವರಿ.’ ಜನವರಿಯಲ್ಲಿ ಹಣ್ಣು ಕುಯ್ಯಲು ಆಳು ಸಿಗುವುದಿಲ್ಲ ಎಂಬುದು ನಮಗೆ ಗೊತ್ತು. ಬೆಂಗಳೂರಿನಲ್ಲಿ ಕೂತವರಿಗೆ ಗೊತ್ತಿರಬೇಕಲ್ಲ.

ಇಲ್ಲಿ ಆಗುವ ತಪ್ಪುಗಳು:

‘ಐ ಆಮ್ ಅಗ್ರೀ’ ತಪ್ಪು. ‘ಅಗ್ರೀ’ ಅಂದರೇ ‘ಒಪ್ಪುತ್ತೇನೆ’. ‘ಆಮ್’ ಬೇಡ. ‘ಐ ಅಗ್ರೀ’ ಸಾಕು.

ವ್ಯಕ್ತಿಯ ಜೊತೆ ಒಪ್ಪಿದರೆ ‘ಅಗ್ರೀ ವಿತ್’. ಷರತ್ತಿಗೆ ಒಪ್ಪಿದರೆ ‘ಅಗ್ರೀ ಟು’. ಇಬ್ಬರೂ ಸೇರಿ ಒಂದು ತಾರೀಖು, ಒಂದು ಬೆಲೆಗೆ ಬಂದರೆ ‘ಅಗ್ರೀ ಆನ್’. ‘ಐ ಅಗ್ರೀ ವಿತ್ ಯು’ ಎಂದರೆ ನಿಮ್ಮ ಅಭಿಪ್ರಾಯ ಸರಿ ಎಂದಷ್ಟೇ. ‘ಐ ಅಗ್ರೀ ಟು ಯುವರ್ ಟರ್ಮ್ಸ್’ ಎಂದರೆ ನಿಮ್ಮ ಷರತ್ತಿಗೆ ಮಾತು ಕೊಟ್ಟ ಹಾಗೆ. ವ್ಯಾಪಾರದ ಮಾತಿನಲ್ಲಿ ಇವೆರಡಕ್ಕೂ ಅಂತರ ಬಹಳ.

4. ‘ಇಲ್ವಾ?’ ಎಂದು ಕೇಳಿದಾಗ ಎಚ್ಚರ

ಇದನ್ನು ನಿಧಾನವಾಗಿ ಎರಡು ಸಲ ಓದಿ. ನಮ್ಮ ಕಡೆಯವರು ಅತಿ ಜಾಸ್ತಿ ಎಡವುವುದು ಇಲ್ಲೇ.

ಸಾಹೇಬರು ಕನ್ನಡದಲ್ಲಿ ಕೇಳುತ್ತಾರೆ: “ಮೂಟೆ ಇನ್ನೂ ಹೋಗಿಲ್ವಾ?” ಹೋಗಿಲ್ಲದಿದ್ದರೆ ನಾವು “ಹೌದು ಸಾರ್, ಹೋಗಿಲ್ಲ” ಎನ್ನುತ್ತೇವೆ. ‘ನೀವು ಹೇಳಿದ್ದು ಸರಿ’ ಎನ್ನುವುದು ನಮ್ಮ ‘ಹೌದು’.

ಇಂಗ್ಲಿಷಿನಲ್ಲಿ ಅದೇ ಪ್ರಶ್ನೆ: ‘ಹ್ಯಾವನ್ಟ್ ದ ಬ್ಯಾಗ್ಸ್ ಲೆಫ್ಟ್ ಯೆಟ್?’ ನೀವು ‘ಎಸ್ ಸಾರ್’ ಎಂದರೆ ಅವರಿಗೆ ಕೇಳಿಸುವುದು ‘ಹೋಗಿವೆ’. ಇಂಗ್ಲಿಷಿನ ‘ಎಸ್’, ‘ನೋ’ ಕೇಳಿದವರ ಮಾತನ್ನು ಹಿಂಬಾಲಿಸುವುದಿಲ್ಲ, ನಡೆದ ಸಂಗತಿಯನ್ನು ಹಿಂಬಾಲಿಸುತ್ತದೆ. ಮೂಟೆ ಹೋಗಿದ್ದರೆ ಎಸ್. ಹೋಗಿಲ್ಲದಿದ್ದರೆ ನೋ. ಪ್ರಶ್ನೆ ಯಾವ ಕಡೆ ತಿರುಗಿದ್ದರೂ ಸರಿಯೇ.

ಗಡಿಬಿಡಿಯಲ್ಲಿ ಈ ಲೆಕ್ಕ ತಲೆಗೆ ಹೊಳೆಯುವುದಿಲ್ಲ. ಅದಕ್ಕೆ ಒಂದು ಉಪಾಯ ಇದೆ. ಎಸ್, ನೋ ಎರಡನ್ನೂ ಬಿಟ್ಟು ಪೂರ್ತಿ ವಾಕ್ಯ ಹೇಳಿ. ‘ದ ಬ್ಯಾಗ್ಸ್ ಹ್ಯಾವ್ ನಾಟ್ ಲೆಫ್ಟ್ ಯೆಟ್. ದೆ ವಿಲ್ ಲೀವ್ ಅಟ್ ಸಿಕ್ಸ್.’ ಯಾರಿಗೂ ಗೊಂದಲವಿಲ್ಲ.

ಇದರ ತಮ್ಮ ಒಬ್ಬನಿದ್ದಾನೆ. ‘ಡೂ ಯು ಮೈಂಡ್ ಇಫ್ ವಿ ಮೂವ್ ದ ಮೀಟಿಂಗ್ ಟು ಫೋರ್?’ ಮೀಟಿಂಗನ್ನು 4 ಗಂಟೆಗೆ ಹಾಕಿದರೆ ನಿಮಗೆ ತೊಂದರೆಯಾ ಎಂದು ಕೇಳುತ್ತಿದ್ದಾರೆ. ‘ಎಸ್’ ಎಂದರೆ ‘ತೊಂದರೆ’ ಎಂದಾಯಿತು. ಒಪ್ಪಿಗೆ ಇದ್ದರೆ ‘ನೋ, ದಟ್ಸ್ ಫೈನ್’ ಅನ್ನಿ. ‘ಫೋರ್ ಈಸ್ ಫೈನ್’ ಅಂದರೂ ಆಯಿತು.

5. ಒಪ್ಪದಿದ್ದಾಗ ನಾಲ್ಕು ಮೆಟ್ಟಿಲು

ಈಗ ಮುಖ್ಯ ವಿಷಯ. ಒಂದು ಉದಾಹರಣೆ ಇಟ್ಟುಕೊಳ್ಳೋಣ.

ಜುಲೈ ತಿಂಗಳು. ಒಂದು ಕಂಟೇನರ್ ಕಾಫಿ ಮಂಗಳೂರು ಬಂದರಿಗೆ ಹೋಗಬೇಕು. ತಲಾ 60 ಕೆ.ಜಿ.ಯ 320 ಮೂಟೆ, ಒಟ್ಟು 19,200 ಕೆ.ಜಿ. ಹಡಗು ಶುಕ್ರವಾರ. ಬೆಂಗಳೂರಿನ ಮ್ಯಾನೇಜರ್ ಆನ್‌ಲೈನ್ ಮೀಟಿಂಗ್‌ನಲ್ಲಿ ‘ಬುಧವಾರ ರಾತ್ರಿ ಲೋಡ್ ಮಾಡಿ, ಗುರುವಾರ ಬೆಳಿಗ್ಗೆ ಬಂದರಿನಲ್ಲಿರಲಿ’ ಎನ್ನುತ್ತಾರೆ. ಕ್ಯಾಲೆಂಡರ್ ನೋಡಿದರೆ ಅವರ ಮಾತು ಸರಿ. ಆದರೆ ಶಿರಾಡಿ ಘಾಟ್ ಮಳೆಗಾಲದಲ್ಲಿ ಹೇಗಿರುತ್ತದೆ ಎಂಬುದು ಸಕಲೇಶಪುರ ದಾಟಿದವರಿಗೆ ಗೊತ್ತು. 2018ರಲ್ಲೂ 2024ರಲ್ಲೂ ಗುಡ್ಡ ಕುಸಿದು ಆ ದಾರಿಯಲ್ಲಿ ಲಾರಿಗಳು ನಿಂತುಬಿಟ್ಟಿದ್ದವು.

ನಮ್ಮವರ ಬಾಯಲ್ಲಿ ಸಾಮಾನ್ಯವಾಗಿ ಬರುವುದು ಎರಡು ಉತ್ತರ. ‘ನೋ ಸಾರ್, ನಾಟ್ ಪಾಸಿಬಲ್.’ ಇದು ಬಾಗಿಲು ದಢಾರ್ ಎಂದು ಹಾಕಿದ ಹಾಗೆ. ಇಲ್ಲವೇ ‘ಓಕೆ ಸಾರ್, ವಿ ವಿಲ್ ಟ್ರೈ.’ ಇದು ಮರ್ಯಾದೆಯಾಗಿ ಕೇಳಿಸುತ್ತದೆ, ನಿಜ. ಆದರೆ ನಿಮಗೆ ಗೊತ್ತಿರುವ ವಿಷಯವನ್ನು ನೀವು ಬಚ್ಚಿಟ್ಟಿರಿ. ನನ್ನನ್ನು ಕೇಳಿದರೆ ಇದು ಮೊದಲನೆಯದಕ್ಕಿಂತ ಕೆಟ್ಟದ್ದು.

ಹೀಗೆ ಹೇಳಿ ನೋಡಿ.

ಮೊದಲ ಮೆಟ್ಟಿಲು, ಅವರ ಮಾತು ಕೇಳಿಸಿತು ಎಂದು ತೋರಿಸುವುದು: ‘ಐ ಅಂಡರ್‌ಸ್ಟ್ಯಾಂಡ್ ದ ಶಿಪ್ ಲೀವ್ಸ್ ಆನ್ ಫ್ರೈಡೇ.’ ಹಡಗು ಶುಕ್ರವಾರ ಹೊರಡುತ್ತದೆ ಎಂಬುದು ನನಗೆ ಗೊತ್ತಿದೆ.

ಎರಡನೆಯದು, ಮೆತ್ತಗೆ ತಡೆಯುವುದು: ‘ಐ ಆಮ್ ಎ ಬಿಟ್ ವರೀಡ್ ಅಬೌಟ್ ವೆಡ್ನೆಸ್‌ಡೇ ನೈಟ್.’ ಬುಧವಾರ ರಾತ್ರಿ ಎಂದರೆ ಸ್ವಲ್ಪ ಅಳುಕು.

ಮೂರನೆಯದು, ಕಾರಣ: ‘ಇಟ್ ಹ್ಯಾಸ್ ಬೀನ್ ರೇನಿಂಗ್ ಇನ್ ಸಕಲೇಶಪುರ ಸಿನ್ಸ್ ಸಂಡೇ. ದ ಘಾಟ್ ರೋಡ್ ಮೇ ಕ್ಲೋಸ್.’ ಭಾನುವಾರದಿಂದ ಮಳೆ, ಘಾಟ್ ರಸ್ತೆ ಮುಚ್ಚಬಹುದು.

ನಾಲ್ಕನೆಯದು, ಬೇರೆ ದಾರಿ: ‘ಕುಡ್ ವಿ ಲೋಡ್ ಆನ್ ಟ್ಯೂಸ್‌ಡೇ ಇನ್‌ಸ್ಟೆಡ್?’ ಅದರ ಬದಲು ಮಂಗಳವಾರ ಲೋಡ್ ಮಾಡೋಣವೇ?

ಇಲ್ಲಿ ‘ನೋ’ ಎಂಬ ಪದವೇ ಬಂದಿಲ್ಲ ನೋಡಿ. ಆದರೂ ಒಪ್ಪಿಲ್ಲ ಎಂಬುದು ಎಲ್ಲರಿಗೂ ತಿಳಿಯಿತು. ನಾಲ್ಕನೆಯ ಮೆಟ್ಟಿಲನ್ನು ಮಾತ್ರ ಬಿಡಬೇಡಿ. ಬರೀ ತಕರಾರು ಹೇಳಿ ಸುಮ್ಮನಾದರೆ ತಲೆನೋವನ್ನು ಅವರ ಮೇಲೆ ಹಾಕಿದ ಹಾಗೆ. ಬೇರೆ ದಾರಿ ನಿಮಗೂ ಹೊಳೆಯದಿದ್ದರೆ ಸಮಯ ಕೇಳಿ: ‘ಕ್ಯಾನ್ ಐ ಚೆಕ್ ಅಂಡ್ ಕಮ್ ಬ್ಯಾಕ್ ಟು ಯು ಬೈ ಫೋರ್?’ 4 ಗಂಟೆಯೊಳಗೆ ವಿಚಾರಿಸಿ ಹೇಳಲೇ? ಸಮಯ ಕೇಳಿದ ಮೇಲೆ ಆ ಸಮಯಕ್ಕೆ ಹೇಳಿಬಿಡಬೇಕು, ಅದು ಬೇರೆ ಮಾತು.

ಅಂಕಿ ಅಂಶ ತಪ್ಪಾದಾಗ ವ್ಯಕ್ತಿಯನ್ನು ಬಿಟ್ಟು ಕಾಗದವನ್ನು ಹಿಡಿಯಿರಿ. ಔಟ್‌ಟರ್ನ್ ವಿಷಯವನ್ನೇ ತೆಗೆದುಕೊಳ್ಳಿ. 50 ಕೆ.ಜಿ. ಒಣ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಯಿಂದ ಎಷ್ಟು ಕೆ.ಜಿ. ಬೀಜ ಬರುತ್ತದೆ ಎಂಬ ಲೆಕ್ಕ ಅದು, ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಎದುರಿನವರು 28 ಎನ್ನುತ್ತಾರೆ, ನಿಮ್ಮ ಪುಸ್ತಕದಲ್ಲಿ 26 ಇದೆ. ‘ಯು ಆರ್ ರಾಂಗ್’ ಎಂದರೆ ಜಗಳ. ‘ಐ ಹ್ಯಾವ್ ಎ ಡಿಫರೆಂಟ್ ಫಿಗರ್ ಹಿಯರ್. ಮೈ ಶೀಟ್ ಸೇಸ್ ಟ್ವೆಂಟಿ ಸಿಕ್ಸ್. ಕ್ಯಾನ್ ವಿ ಚೆಕ್ ಬೋತ್?’ ಎಂದರೆ ಇಬ್ಬರೂ ಒಂದೇ ಕಡೆ ಕೂತು ಎರಡು ಹಾಳೆ ನೋಡಿದ ಹಾಗೆ. ಬಹುಶಃ ನಿಮ್ಮದೇ ತಪ್ಪಿರಬಹುದು. ಆಗಲೂ ಮುಖ ಉಳಿಯುತ್ತದೆ.

‘ಬಟ್’ ಬಗ್ಗೆ ಒಂದು ಮಾತು. ‘ಗುಡ್ ಐಡಿಯಾ, ಬಟ್’ ಎಂದ ಕೂಡಲೇ ಮುಂದೆ ಏನು ಬರುತ್ತದೆಂದು ಕೇಳುವವರಿಗೆ ಗೊತ್ತಾಗುತ್ತದೆ. ‘ಚೆನ್ನಾಗಿದೆ, ಆದ್ರೆ’ ಎಂದು ಹುಡುಗಿ ನೋಡಿ ಬಂದವರು ಎಳೆದ ಹಾಗೆ. ‘ಬಟ್’ ಬದಲು ಒಂದು ಪೂರ್ಣವಿರಾಮ ಇಡಿ. ಉಸಿರು ತೆಗೆದುಕೊಳ್ಳಿ. ಆಮೇಲೆ ಕಾರಣ ಹೇಳಿ.

6. ಮೆತ್ತಗೆ ಎಷ್ಟು, ಎಲ್ಲಿ?

ಸಾಫ್ಟ್‌ನರ್ ಕಲಿತ ಹೊಸತರಲ್ಲಿ ಎಲ್ಲವನ್ನೂ ಒಟ್ಟಿಗೆ ಸುರಿಯುತ್ತಾರೆ. ‘ಐ ಜಸ್ಟ್ ಥಿಂಕ್ ಮೇಬಿ ವಿ ಕುಡ್ ಪರ್‌ಹ್ಯಾಪ್ಸ್ ಲೋಡ್ ಎ ಬಿಟ್ ಅರ್ಲಿ’ ಎಂದರೆ ಹೇಳಬೇಕಾದ್ದು ಏನು ಎಂಬುದೇ ಕಳೆದುಹೋಗುತ್ತದೆ. ವಾಕ್ಯಕ್ಕೆ ಒಂದು, ಹೆಚ್ಚೆಂದರೆ ಎರಡು.

ನನಗೆ ಬಹಳ ಇಷ್ಟವಾದ ಒಂದಿದೆ: ‘ಐ ವಾಸ್ ವಂಡರಿಂಗ್ ಇಫ್ ವಿ ಕುಡ್ ಲೋಡ್ ಆನ್ ಟ್ಯೂಸ್‌ಡೇ.’ ಈಗ ಕೇಳುತ್ತಿರುವುದನ್ನು ಭೂತಕಾಲದಲ್ಲಿ ಯಾಕೆ ಹೇಳುತ್ತಾರೆ ಎಂದು ಕ್ಲಾಸಿನಲ್ಲಿ ಕೇಳುತ್ತಾರೆ. ನಾವೂ ಹಾಗೇ ಮಾಡುತ್ತೇವಲ್ಲ! ‘ಸಾರ್, ಒಂದು ವಿಷಯ ಕೇಳ್ಬೇಕು ಅಂತಿದ್ದೆ.’ ಅಂತಿದ್ದೆ ಎಂದರೆ ಈಗ ಕೇಳುತ್ತಿಲ್ಲವೇ? ಕೇಳುತ್ತಿದ್ದೇವೆ. ಎದುರಿನವರಿಗೆ ‘ಬೇಡ’ ಎನ್ನಲು ಸ್ವಲ್ಪ ಜಾಗ ಬಿಡುತ್ತಿದ್ದೇವೆ ಅಷ್ಟೇ. ಈ ಒಂದು ವಿಷಯದಲ್ಲಿ ಎರಡೂ ಭಾಷೆ ಒಂದೇ ದಾರಿ ಹಿಡಿದಿವೆ. ಧೈರ್ಯವಾಗಿ ಬಳಸಿ.

ಮೆತ್ತಗಿನ ಮಾತು ಖಂಡಿತ ಬೇಡದ ಜಾಗವೂ ಇದೆ. ಮಷೀನಿಗೆ ಬಟ್ಟೆ ಸಿಕ್ಕಿಕೊಳ್ಳುತ್ತಿದೆ, ವೈರ್ ಸುಟ್ಟ ವಾಸನೆ ಬರುತ್ತಿದೆ, ಮಾಸ್ಕ್ ಇಲ್ಲದೆ ಔಷಧಿ ಹೊಡೆಯಲು ಹೇಳುತ್ತಿದ್ದಾರೆ. ಆಗ ‘ಐ ವಾಸ್ ವಂಡರಿಂಗ್’ ಎಂದು ರಾಗ ಎಳೆಯಬೇಡಿ. ‘ಪ್ಲೀಸ್ ಸ್ಟಾಪ್. ದಿಸ್ ಈಸ್ ನಾಟ್ ಸೇಫ್.’ ಅಷ್ಟೇ.

ಕೇಳುವವರು ಯಾರು ಎಂಬುದನ್ನೂ ನೋಡಿ. ಭಾರತದ ಕಾಫಿಯನ್ನು ಅತಿ ಜಾಸ್ತಿ ಕೊಳ್ಳುವ ದೇಶ ಇಟಲಿ. ಜರ್ಮನಿ, ಬೆಲ್ಜಿಯಂಗಳಿಗೂ ಹೋಗುತ್ತದೆ. ಅಲ್ಲಿನವರಿಗೂ ಇಂಗ್ಲಿಷ್ ನಮ್ಮ ಹಾಗೆ ಕಲಿತ ಭಾಷೆಯೇ. ಅವರ ಹತ್ತಿರ ಬಣ್ಣದ ಮಾತು, ನುಡಿಗಟ್ಟು ಎಲ್ಲ ದಂಡ. ಸಣ್ಣ ವಾಕ್ಯ, ಸ್ಪಷ್ಟ ಅಂಕಿ, ಒಂದು ‘ಐ ಥಿಂಕ್’ ಸಾಕು. ‘ತಪ್ಪು ಮಾತಾಡ್ತೀನೇನೋ’ ಎಂಬ ಅಳುಕು ಆ ಕಡೆಯೂ ಇರುತ್ತದೆ ಎಂದು ನೆನಪಿದ್ದರೆ ನಿಮ್ಮ ಎದೆಬಡಿತ ಅರ್ಧ ಇಳಿಯುತ್ತದೆ. ಬ್ರಿಟನ್ನಿನವರ ಮಾತು ಮಾತ್ರ ಸ್ವಲ್ಪ ಬಿಡಿಸಿ ಓದಬೇಕು. ಅವರು ‘ದಟ್ಸ್ ಇಂಟರೆಸ್ಟಿಂಗ್’ ಎಂದರೆ ಒಪ್ಪಿದರು ಎಂದು ಕುಣಿಯಬೇಡಿ. ‘ವಿತ್ ಆಲ್ ಡ್ಯೂ ರೆಸ್ಪೆಕ್ಟ್’ ಎಂದರೆ ‘ಗೌರವದಿಂದ ಹೇಳ್ತಿದೀನಿ’ ಎಂದು ಪದಶಃ ಅರ್ಥ. ಆದರೆ ಅದರ ಹಿಂದೆ ಬರುವುದು ಬಹುತೇಕ ಖಾರದ ಮಾತು. ನಮ್ಮವರು ಅದನ್ನು ವಿನಯ ಎಂದುಕೊಂಡು ಮೇಲಿನವರಿಗೆ ಬಳಸುತ್ತಾರೆ. ದಯವಿಟ್ಟು ಬಿಟ್ಟುಬಿಡಿ.

ಇನ್ನೂ ಕೆಲವು ಪದಗಳ ಬಗ್ಗೆ ಎಚ್ಚರ. ‘ಐ ಹ್ಯಾವ್ ಎ ಡೌಟ್’ ನಮ್ಮಲ್ಲಿ ‘ಒಂದು ಪ್ರಶ್ನೆ ಇದೆ’ ಎಂದರ್ಥ. ಹೊರಗಿನವರಿಗೆ ‘ನಂಬಿಕೆ ಇಲ್ಲ’ ಎಂದು ಕೇಳಿಸಬಹುದು. ‘ಐ ಹ್ಯಾವ್ ಎ ಕ್ವೆಶ್ಚನ್’ ಅನ್ನಿ. ‘ಆಬ್ವಿಯಸ್ಲಿ’ ಎಂದರೆ ‘ಇಷ್ಟೂ ಗೊತ್ತಾಗಲ್ವಾ’ ಎಂದ ಹಾಗೆ. ‘ಆಕ್ಚುವಲಿ’ ಎಂದು ಪ್ರತಿ ವಾಕ್ಯ ಶುರು ಮಾಡಿದರೆ ಪ್ರತಿ ಸಲ ಅವರನ್ನು ತಿದ್ದಿದ ಹಾಗೆ.

7. ಮೇಲಿನವರ ಮಾತನ್ನು ಎಲ್ಲರೆದುರು ಒಪ್ಪದಿರುವುದು

ಪುಸ್ತಕಗಳು ಈ ಭಾಗವನ್ನು ಹಾರಿಸಿಬಿಡುತ್ತವೆ. ನಮ್ಮ ಕಡೆ ಧಣಿಗಳ ಮಾತಿಗೆ, ಸಾಹೇಬರ ಮಾತಿಗೆ ನಾಲ್ಕು ಜನರ ಮುಂದೆ ಎದುರಾಡುವುದಿಲ್ಲ. ಅದನ್ನು ಹೇಡಿತನ ಎಂದು ನಾನು ಹೇಳುವುದಿಲ್ಲ. ಆದರೆ ವಿಷಯ ಹೇಳದೆ ಬಿಡುವಂತಿಲ್ಲವಲ್ಲ.

ಎರಡು ದಾರಿಗಳಿವೆ. ಮೀಟಿಂಗ್‌ಗೆ ಮುಂಚೆಯೇ ಐದು ನಿಮಿಷ ಹೋಗಿ ಕನ್ನಡದಲ್ಲೇ ಹೇಳಿಬಿಡಿ. ‘ಸಾರ್, ಬುಧವಾರದ ಲೋಡ್ ಬಗ್ಗೆ ಒಂದು ಯೋಚನೆ ಇದೆ, ಮೀಟಿಂಗ್‌ನಲ್ಲಿ ಎತ್ತಲಾ?’ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಅದಾಗದಿದ್ದರೆ ಮೀಟಿಂಗ್‌ನಲ್ಲಿ ಪ್ರಶ್ನೆಯ ರೂಪದಲ್ಲಿ ಹೇಳಿ. ‘ವಾಟ್ ಡೂ ವಿ ಡೂ ಇಫ್ ದ ಘಾಟ್ ಈಸ್ ಕ್ಲೋಸ್ಡ್?’ ಘಾಟ್ ಮುಚ್ಚಿದರೆ ಏನು ಮಾಡೋಣ? ನೀವು ವಿರೋಧಿಸಲಿಲ್ಲ. ಆದರೆ ಮೇಜಿನ ಮೇಲೆ ಘಾಟ್ ಬಂತು. ‘ವೈ ಡಿಡ್ ಯು’ ಎಂದು ಶುರುವಾಗುವ ಪ್ರಶ್ನೆ ಬೇಡ, ಅದು ಪೊಲೀಸ್ ವಿಚಾರಣೆಯಂತೆ ಕೇಳಿಸುತ್ತದೆ. ‘ಕುಡ್ ಯು ಹೆಲ್ಪ್ ಮಿ ಅಂಡರ್‌ಸ್ಟ್ಯಾಂಡ್’ ಎಂದು ಶುರು ಮಾಡಿ.

‘ಸಾರ್’ ಎನ್ನಬೇಕೇ ಬೇಡವೇ ಎಂದೂ ಕೇಳುತ್ತಾರೆ. ನಮ್ಮ ಆಫೀಸುಗಳಲ್ಲಿ ಅನ್ನಿ, ತಪ್ಪಿಲ್ಲ. ವಾಕ್ಯಕ್ಕೆ ಮೂರು ಸಲ ಬೇಡ. ಹೊರದೇಶದವರು ತಮ್ಮ ಹೆಸರು ಹೇಳಿ ಪರಿಚಯ ಮಾಡಿಕೊಂಡರೆ ಆ ಹೆಸರನ್ನೇ ಕರೆಯಿರಿ. ಮೊದಲ ವಾರ ನಾಲಿಗೆ ತಡವರಿಸುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

8. ಫೋನ್ ಮತ್ತು ಆನ್‌ಲೈನ್ ಮೀಟಿಂಗ್

ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕಣ್ಣಾಮುಚ್ಚಾಲೆ ಆಡುವ ಊರು ನಮ್ಮದು. ಅರ್ಧ ಮಾತು ನುಂಗಿಹೋಗುತ್ತದೆ. ಹಾಗಾಗಿ ಕೆಲವು ಪದಗಳನ್ನು ಬದಲಾಯಿಸಿಕೊಳ್ಳಿ.

‘ಕ್ಯಾನ್’, ‘ಕಾಂಟ್’ ಎರಡೂ ಕೆಟ್ಟ ಲೈನಿನಲ್ಲಿ ಒಂದೇ ತರ ಕೇಳಿಸುತ್ತವೆ. ಅರ್ಥ ಮಾತ್ರ ಪೂರ್ತಿ ಉಲ್ಟಾ. ಆಗಲ್ಲ ಎನ್ನುವಾಗ ‘ಕೆನಾಟ್’ ಎಂದು ಪೂರ್ತಿ ಬಿಡಿಸಿ ಹೇಳಿ. ‘ಫಿಫ್ಟೀನ್’, ‘ಫಿಫ್ಟಿ’ ಕೂಡ ಹಾಗೇ. ‘ಫಿಫ್ಟೀನ್ ಬ್ಯಾಗ್ಸ್, ಒನ್ ಫೈವ್’ ಎಂದು ಅಂಕಿ ಒಡೆದು ಹೇಳಿ.

ನಡುವೆ ಮಾತಾಡಬೇಕಾದರೆ ಕೈಯೆತ್ತುವ ‘ರೇಸ್ ಹ್ಯಾಂಡ್’ ಗುಂಡಿ ಒತ್ತಿ. ಯಾರೂ ಗಮನಿಸದಿದ್ದರೆ ‘ಸಾರಿ ಟು ಇಂಟರಪ್ಟ್, ಕ್ಯಾನ್ ಐ ಆಡ್ ಸಮ್‌ಥಿಂಗ್?’ ಎನ್ನಿ. ಮಾತು ಸರಿಯಾಗಿ ಕೇಳದಿದ್ದರೆ ಒಪ್ಪಲೇಬೇಡಿ. ‘ಸಾರಿ, ಯುವರ್ ವಾಯ್ಸ್ ಬ್ರೋಕ್. ಕುಡ್ ಯು ರಿಪೀಟ್ ದ ಡೇಟ್?’ ಇಡೀ ಮಾತು ಮತ್ತೆ ಹೇಳಿ ಎನ್ನುವುದಕ್ಕಿಂತ ಬೇಕಾದ ಒಂದು ತುಂಡನ್ನು ಕೇಳುವುದು ವಾಸಿ. ಅವರಿಗೂ ಬೇಸರವಾಗುವುದಿಲ್ಲ.

9. ಮೀಟಿಂಗ್ ಮುಗಿದ ಮೇಲೆ ಮೂರು ಸಾಲು ಬರೆಯಿರಿ

ಮೀಟಿಂಗ್‌ನಲ್ಲಿ ನಡೆದ ತೀರ್ಮಾನಗಳ ಬರಹಕ್ಕೆ ಮಿನಿಟ್ಸ್ ಎನ್ನುತ್ತಾರೆ. ಇಲ್ಲಿ ಅದಕ್ಕೆ ಗಡಿಯಾರದ ನಿಮಿಷ ಎಂಬ ಅರ್ಥವಿಲ್ಲ. ಯಾರೋ ಬರೆದ ಮಿನಿಟ್ಸ್‌ನಲ್ಲಿ ನಿಮ್ಮ ಮಾತು ತಿರುಚಿಕೊಂಡಿರಬಹುದು. ಅದಕ್ಕೆ ಅರ್ಧ ಗಂಟೆಯೊಳಗೆ ನೀವೇ ಒಂದು ಪುಟ್ಟ ಮೇಲ್ ಹಾಕಿಬಿಡಿ:

‘ಥ್ಯಾಂಕ್ ಯು ಫಾರ್ ದ ಕಾಲ್. ವಿ ಅಗ್ರೀಡ್ ಟು ಲೋಡ್ ಆನ್ ಟ್ಯೂಸ್‌ಡೇ. ದ ರೇಟ್ ಈಸ್ ಸ್ಟಿಲ್ ಓಪನ್, ಅಂಡ್ ಐ ವಿಲ್ ರಿಪ್ಲೈ ಬೈ ಫೋರ್ ಟುಮಾರೋ.’

ಒಪ್ಪಿದ್ದು ಒಂದು ಸಾಲು, ಒಪ್ಪದೆ ಉಳಿದದ್ದು ಒಂದು ಸಾಲು. ‘ಸ್ಟಿಲ್ ಓಪನ್’ ಎಂದರೆ ಇನ್ನೂ ತೀರ್ಮಾನವಾಗಿಲ್ಲ. ‘ರಿವರ್ಟ್’ ಎಂದು ಬರೆಯಬೇಡಿ. ನಮ್ಮ ದೇಶದಲ್ಲಿ ಅದು ‘ಉತ್ತರಿಸುತ್ತೇನೆ’, ಹೊರಗೆ ಅದು ‘ಹಳೇ ಸ್ಥಿತಿಗೆ ಮರಳುವುದು’. ‘ಡೂ ದ ನೀಡ್‌ಫುಲ್’ ಕೂಡ ಹಾಗೇ. ಏನು ಮಾಡಬೇಕು ಎಂದು ಬಿಡಿಸಿ ಬರೆಯಿರಿ.

10. ಅಭ್ಯಾಸ

ದಿನಕ್ಕೆ ಹತ್ತು ನಿಮಿಷ, ಜೊತೆಗೊಬ್ಬರು. ಬೇಲೂರು ಹಾಸನ ಬಸ್ಸಿನಲ್ಲಿ ಓಡಾಡುವ ಇಬ್ಬರು ಹುಡುಗಿಯರು ಅರ್ಧ ದಾರಿ ಇದನ್ನೇ ಆಡುತ್ತಾ ಹೋಗುತ್ತಾರೆ. ಒಬ್ಬರು ಏನಾದರೂ ಸಲಹೆ ಕೊಡಬೇಕು, ಇನ್ನೊಬ್ಬರು ನಾಲ್ಕು ಮೆಟ್ಟಿಲಲ್ಲಿ ಒಪ್ಪಬಾರದು. ಆಫೀಸಿನ ವಿಷಯವೇ ಆಗಬೇಕೆಂದಿಲ್ಲ. ‘ಲೆಟ್ಸ್ ಹ್ಯಾವ್ ಅಕ್ಕಿ ರೊಟ್ಟಿ ಟುಡೇ’ ಎಂಬುದಕ್ಕೂ ‘ಐ ಲೈಕ್ ಅಕ್ಕಿ ರೊಟ್ಟಿ. ಐ ಆಮ್ ಎ ಬಿಟ್ ವರೀಡ್ ಅಬೌಟ್ ದ ಟೈಮ್. ದ ಬಸ್ ಲೀವ್ಸ್ ಸೂನ್. ಕುಡ್ ವಿ ಹ್ಯಾವ್ ಇಡ್ಲಿ ಇನ್‌ಸ್ಟೆಡ್?’ ಎನ್ನಬಹುದು. ರೆಕಾರ್ಡ್ ಮಾಡಿ ಕೇಳಿ. ಎಷ್ಟು ‘ಎಸ್’ ಸುಮ್ಮನೆ ಬಂತು ಎಂದು ಎಣಿಸಿ.

ಈಗಲೇ ಒಂದು ಪರೀಕ್ಷೆ. ನಿಮ್ಮ ಊಟ ಇನ್ನೂ ಆಗಿಲ್ಲ ಎಂದಿಟ್ಟುಕೊಳ್ಳಿ. ಯಾರೋ ಕೇಳುತ್ತಾರೆ: ‘ಹ್ಯಾವನ್ಟ್ ಯು ಈಟನ್ ಯೆಟ್?’ ನಿಮ್ಮ ಬಾಯಲ್ಲಿ ಮೊದಲು ಬಂದದ್ದು ‘ಎಸ್’ ಆಗಿದ್ದರೆ 4ನೇ ಹಂತವನ್ನು ಇನ್ನೊಮ್ಮೆ ಓದಿ.